ಗುಟ್ಟಿಯ ಕಲ್ಲು

ಶನಿವಾರ ಮಧ್ಯಾಹ್ನ ಉದಗೀರದ ಬಸ್ಸಿನಿಂದ ಇಳಿದು ಮನೆಗೆ ಬಂದ ಶುಭಾಂಗಿಯ ಹೆಗಲಲ್ಲಿ ಎಂದಿನ ಬಟ್ಟೆಯ ಚೀಲವಿತ್ತು, ಕೈಯಲ್ಲಿ ಎಂದೂ ಇಲ್ಲದ ಒಂದು ಕರಿಯ ಪೆಟ್ಟಿಗೆಯಿತ್ತು. ಚೀಲವನ್ನು ಪಡಸಾಲೆಯ ಮೂಲೆಗೆ ಎಸೆದಳು. ಪೆಟ್ಟಿಗೆಯನ್ನು ಮಾತ್ರ ಎರಡೂ ಕೈಯಿಂದ ಹಿಡಿದು ಅಡುಗೆಮನೆಗೆ ಒಯ್ದು, ಜೋಳದ ಹಿಟ್ಟಿನ ಡಬ್ಬಿಯನ್ನು ಸರಿಸಿ ಆ ಜಾಗದಲ್ಲಿ ಇಟ್ಟಳು. ಕೈಕಾಲು ತೊಳೆದು ಬಂದ ಮೇಲೆ ಅತ್ತೆಯ ಮುಂದೆ ಕೈಚಾಚಿದಳು.

ಶಿವಗಂಗಾಬಾಯಿ ಮೊಮ್ಮಗಳನ್ನು ಸೊಸೆಯ ಕೈಗೆ ಕೊಟ್ಟಳು. ಏಳು ತಿಂಗಳ ಕೂಸು. ಹೆಸರು ಭುವನೇಶ್ವರಿ, ಮನೆಯವರ ಬಾಯಲ್ಲಿ ಭುವಿ. ತಾಯಿಯ ವಾಸನೆ ಹಿಡಿದು ಅದು ಸೆರಗಿಗೆ ಮುಖ ಒರೆಸಿಕೊಂಡಿತು. ಶುಭಾಂಗಿ ಅದನ್ನು ಒಮ್ಮೆ ಮೇಲೆತ್ತಿ ನೋಡಿ, ಹಾಗೆಯೇ ಎದೆಗೆ ಇಳಿಸಿಕೊಂಡಳು.

"ಹಗುರ ಆಗ್ಯಾಳಲ್ರೀ ಅತ್ತಿ."

"ನಿನ್ನಿ ಮತ್ತ ಹೊಟ್ಟಿ ಕೆಟ್ಟಿತ್ತವ್ವ. ಇವತ್ತ ಮುಂಜಾನಿಂದ ಜರಾ ಕಡಿಮಿ ಅದ," ಎಂದಳು ಶಿವಗಂಗಾಬಾಯಿ. ಹೇಳುವಾಗ ಅವಳ ದನಿ ತಪ್ಪು ಮಾಡಿದವರ ದನಿಯಂತೆ ಇಳಿದಿತ್ತು. ತಾನೇನು ತಪ್ಪು ಮಾಡಿದ್ದೇನೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಶುಭಾಂಗಿಯ ಹೆರಿಗೆ ರಜೆ ಮುಗಿದದ್ದು ಮಳೆಗಾಲ ಹಿಡಿಯುವ ಹೊತ್ತಿಗೆ. ಉದಗೀರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅವಳ ಕೆಲಸ, ಅಲ್ಲೇ ಒಂದು ಬಾಡಿಗೆ ಕೋಣೆ. ಶನಿವಾರ ಉಮರ್ಗಾದ ಈ ಮನೆಗೆ ಬರುವುದು, ಸೋಮವಾರ ಬೆಳಗಿನ ಬಸ್ಸಿಗೆ ಹೋಗುವುದು. ಗಂಡ ಶೈಲೇಶ ಮತ್ತು ಮಾವ ಬಸವಣ್ಣೆಪ್ಪ ಉಮರ್ಗಾದ ಪೇಟೆಯಲ್ಲಿ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಕೂಸು ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿತ್ತು. ಯಾರೂ ಕೂತು ಮಾತಾಡಿ ಹಾಗೆ ಗೊತ್ತುಮಾಡಿದ್ದಲ್ಲ. ಮನೆಯಲ್ಲಿ ಹಾಗೇ ಆಗಿಹೋಗಿತ್ತು, ಮತ್ತು ಶಿವಗಂಗಾಬಾಯಿಗೆ ಅದರಷ್ಟು ಸುಖ ಬೇರೊಂದಿರಲಿಲ್ಲ.

ಆದರೆ ಮಳೆ ಶುರುವಾದಾಗಿನಿಂದ ಕೂಸಿಗೆ ಮೇಲಿಂದ ಮೇಲೆ ಭೇದಿ. ನಿಲಂಗಾದ ಮಕ್ಕಳ ಡಾಕ್ಟರು ಔಷಧಿ ಕೊಟ್ಟರೆ ನಿಲ್ಲುತ್ತಿತ್ತು. ಕೆಲವು ದಿನ ಕಳೆದರೆ ಮತ್ತೆ ಹೊರಳಿ ಬರುತ್ತಿತ್ತು. ಕಳೆದ ವಾರ ಫೋನಿನಲ್ಲಿ ಶುಭಾಂಗಿ ಹೇಳಿದ್ದಳು: "ಹಿಂಗ ನಡದ್ರ ನಾ ಆಕಿನ್ನ ಉದಗೀರಕ ಒಯ್ತೀನ್ರೀ ಅತ್ತಿ. ಕಾಲೇಜಿನ ಹತ್ರ ಕೂಸುಗಳನ್ನ ನೋಡ್ಕೊಳ್ಳೋ ಮನಿ ಒಂದ ಅದ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಿದ್ದಿದ್ದರೆ ನಾಲ್ಕು ದಿನಕ್ಕೆ ಆರಿಹೋಗುತ್ತಿತ್ತು. ಸೊಸೆ ಶಾಂತಳಾಗಿ, ಯೋಚಿಸಿ ಹೇಳಿದ್ದಳು. ಅಂದಿನಿಂದ ಶಿವಗಂಗಾಬಾಯಿ ರೊಟ್ಟಿ ತಟ್ಟುವಾಗ, ಹಾಸಿಗೆ ಹಾಸುವಾಗ, ಅದೇ ಮಾತು ಮತ್ತೆ ಮತ್ತೆ ಕೇಳಿಸುತ್ತಿತ್ತು.

"ಈ ಪೆಟಗಿ ಏನವ್ವ?" ಎಂದು ಕೇಳಿದಳು.

"ನಾವು ಕಾಲೇಜಿನಾಗ ಮಾಡ್ಲತ್ತೀವಲ್ರೀ, ಅದೇ ಮಿಶನ್. ನಮ್ಮ ಸರ್‌ಗಿ ಕೇಳಿ ತಂದೀನಿ, ಸೋಮವಾರ ಹೊಳ್ಳಿ ಕೊಡಬೇಕು. ಆಕಿ ಹೊಟ್ಟ್ಯಾಗ ಈ ಪೀಡಾ ಎಲ್ಲಿಂದ ಹೋಗ್ಲತ್ತದ, ಒಮ್ಮಿ ನೋಡೇ ಬಿಡಮು ಅಂತ."

ಪೆಟ್ಟಿಗೆಯ ಸುದ್ದಿ ಗೋಡೆ ದಾಟಲು ಹೊತ್ತು ಹಿಡಿಯಲಿಲ್ಲ. ಪಕ್ಕದ ಮನೆಯ ಶೇವಂತಾಬಾಯಿ ಹೆಪ್ಪಿಗೆ ಮೊಸರು ಕೇಳುವ ನೆವದಲ್ಲಿ ಬಟ್ಟಲು ಹಿಡಿದು ಬಂದಳು. ಅವಳು ಮರಾಠಿಯ ಮನೆಯ ಮಗಳು, ಕನ್ನಡದ ಮನೆಯ ಸೊಸೆ. ಎರಡೂ ಭಾಷೆಯನ್ನು ಒಂದೇ ಹಿಟ್ಟಿನಲ್ಲಿ ಕಲಸುತ್ತಿದ್ದಳು.

"ಅಗಂ ಶುಭಾ, ಹೇ ಕಾಯ್? ಟಿವಿ ತಂದೀದಿ?"

"ಟಿವಿ ಅಲ್ಲ ಮೌಶಿ. ಹೊಟ್ಟಿ ಕೆಡಸೋ ಜಂತು, ಅಂದ್ರ ರೋಗಾಣು, ಹಿಡಿಯೋದು."

"ಹಂಗಾರ ನಮ್ಮನಿಯವ್ರಿಗಿ ಮೊದಲ ಹಿಡಿ. ಮುಂಜಾನಿ ಎದ್ದಕೂಡಲೇ ನನ್ನ ಹೊಟ್ಟಿ ಉರಿಸ್ತಾರ."

ಶುಭಾಂಗಿ ನಕ್ಕಳು. ನಗುತ್ತಲೇ ಪೆಟ್ಟಿಗೆಯ ಮುಚ್ಚಳ ತೆರೆದಳು. ಒಳಗೆ ಒಂದು ಪುಟ್ಟ ದೀಪ, ದಾರದಂಥ ತೆಳು ನಳಿಗೆಗಳು, ಉಪ್ಪುನೀರಿನ ಬಾಟಲಿ, ಮತ್ತು ಬೇರೊಂದು ಡಬ್ಬಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಗಾಜಿನ ಬಿಲ್ಲೆಗಳು. ಒಂದು ತಂತಿಯನ್ನು ಮೊಬೈಲಿಗೆ ಚುಚ್ಚಿದಾಗ ಪರದೆಯ ಮೇಲೆ ಒಂದು ಹಸಿರು ಗೆರೆ ಮಲಗಿಕೊಂಡಿತು.

"ಅತ್ತಿ, ಕೂಸಿನ ಬಾಯಾಗ ಹೋಗೋದು ಏನೇನ ಅದ ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ನಿಲಂಗಾದ ಡಾಕ್ಟರೂ ಇದನ್ನೇ ಕೇಳಿದ್ದರು. ಶಿವಗಂಗಾಬಾಯಿ ಅವರಿಗೆ ಹೇಳಿದ್ದನ್ನೇ ಈಗಲೂ ಹೇಳಿದಳು. "ಆಕಳ ಹಾಲು, ಉಕ್ಕು ಬರೋತನಾ ಕಾಯಿಸಿದ್ದು. ಅನ್ನದ ಗಂಜಿ. ಹೆಸರಬ್ಯಾಳಿ ಕಟ್ಟು. ಕುದಿಸಿ ಆರಿಸಿದ ನೀರು. ನೀ ಬಂದಾಗ ನಿನ್ನ ಹಾಲು. ಮತ್ತೇನ ಅದ? ಬಟ್ಟಲಾ, ಚಮಚಾ. ಬಾಯಾಗ ಇಟ್ಕೊಳ್ಳೋ ಆ ರಬ್ಬರಿನ ಆನಿ."

"ಎಲ್ಲಾ ತರ್ರಿ."

ಎಲ್ಲವೂ ಬಂದವು. ನಲ್ಲಿಯ ನೀರು, ಹಂಡೆಯ ನೀರು, ಆರಿಸಿಟ್ಟ ನೀರು, ಹಾಲು, ಗಂಜಿ, ಚಮಚ ತೊಳೆದ ನೀರು, ರಬ್ಬರಿನ ಆನೆಯನ್ನು ಅದ್ದಿದ ನೀರು. ಶುಭಾಂಗಿ ಒಂದೊಂದರ ಹನಿಯನ್ನು ಹೊಸ ಗಾಜಿನ ಬಿಲ್ಲೆಯ ಮೇಲೆ ಬಿಟ್ಟು, ಕಾದು, ಆಮೇಲೆ ಉಪ್ಪುನೀರು ಹಾಯಿಸುತ್ತ ಹೋದಳು.

"ಕಣ್ಣಿಗೇ ಕಾಣದ್ದು ಇದಕ್ಕ ಹ್ಯಾಂಗ ಕಾಣ್ತದ?" ಎಂದಳು ಶಿವಗಂಗಾಬಾಯಿ.

"ಕಾಣಂಗಿಲ್ರೀ, ತಿಳೀತದ. ಹೊರಸಿನ ಮ್ಯಾಲ ಯಾರರ ಕುಂತ್ರ ನುಲಿ ಹಗ್ಗ ಜಗ್ಗತದ ಹೌದಿಲ್ಲೊ? ಕತ್ತಲಿದ್ರೂ ಗೊತ್ತಾಗ್ತದ. ಇದೂ ಹಂಗೇ. ಈ ಗಾಜಿನ ಮ್ಯಾಲ ಬಂಗಾರದ ಕಣ ಅವ, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣು. ಜಂತು ಬಂದು ಅದರ ಮ್ಯಾಲ ಕುಂತ್ರ ಅಲ್ಲಿಂದ ಬರೋ ಬೆಳಕಿನ ಬಣ್ಣ ಒಂದೀಟ ಸರೀತದ. ಆಗ ಈ ಗೆರಿ ಮ್ಯಾಲ ಏಳ್ತದ. ಮೊದಲೆಲ್ಲ ಜಂತಿಗಿ ಬಣ್ಣ ಹಚ್ಚಿ ಹುಡಕಬೇಕಿತ್ತು. ಇಲ್ಲಾಂದ್ರ ತಾಟಿನಾಗ ಹಾಕಿ ಬೆಳಿಲಿಕ್ಕಿ ಬಿಟ್ಟು ದಾರಿ ನೋಡಬೇಕಿತ್ತು. ಇದಕ್ಕ ಬಣ್ಣ ಬ್ಯಾಡ, ಏನೂ ಹಚ್ಚೋದು ಬ್ಯಾಡ. ಇದ್ದಂಗೇ ಹಿಡೀತದ."

"ಹೊರಸಿನ ಮ್ಯಾಲ ಯಾರ ಬಂದ್ರೂ ಕುಂಡ್ರಬಹುದಲ್ಲವ್ವ? ಒಳ್ಳೇವ್ರೂ ಕುಂಡ್ರತಾರ, ಕೆಟ್ಟವ್ರೂ ಕುಂಡ್ರತಾರ."

ಶುಭಾಂಗಿ ಕೈಯಲ್ಲಿನ ಕೆಲಸ ನಿಲ್ಲಿಸಿ ಅತ್ತೆಯ ಕಡೆ ನೋಡಿದಳು. "ನಮಗ ಅದೇ ತ್ರಾಸ ನೋಡ್ರಿ. ಅದಕ್ಕೇ ಬಂಗಾರಕ್ಕ ಕೊಂಡಿ ಹಚ್ಚೀವಿ. ನಮಗ ಬೇಕಾದ ಆ ಒಂದ ಜಾತಿ ಜಂತು ಕೊಂಡಿಗಿ ಸಿಗತದ. ಉಳದದ್ದು ಸುಮ್ನೆ ಬಂದು ಕುಂತಿರ್ತದ, ಉಪ್ಪನೀರು ಬಿಟ್ರ ಎದ್ದು ಹೋಗ್ತದ."

"ಅಂದ್ರ ನಮ್ಮ ನಾದಿನಿಯಂಗ ಅಲ್ಲ," ಎಂದಳು ಶೇವಂತಾಬಾಯಿ. "ಆಕಿ ನೀರ ಬಿಟ್ರೂ ಏಳಂಗಿಲ್ಲ."

ಹಾಲಿನ ಸರದಿ ಬಂದಾಗ ಗೆರೆ ಜಿಗಿದು ಮೇಲೇರಿತು. ಶಿವಗಂಗಾಬಾಯಿ ಹಾಲಿನ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ತಾನೇ ಕಾಯಿಸಿದ ಹಾಲು, ತಾನೇ ಆರಿಸಿ ಕುಡಿಸಿದ್ದು. ಆದರೆ ಶುಭಾಂಗಿ ಉಪ್ಪುನೀರು ಬಿಡುತ್ತಲೇ ಗೆರೆ ಸರಸರನೆ ಇಳಿದು ಮೊದಲಿನ ಜಾಗಕ್ಕೆ ಬಂತು. "ಹಾಲಿನ ಜಿಡ್ಡರೀ, ತೊಳದು ಹೋಯ್ತು," ಎಂದಳು ಸೊಸೆ. ಗಂಜಿಯದೂ ಹಾಗೇ ಏರಿ ಇಳಿಯಿತು. ನೀರಿನ ಗೆರೆಗಳು ಏಳಲೇ ಇಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಶಿವಗಂಗಾಬಾಯಿ ಪರದೆ ನೋಡುವುದನ್ನು ಕಲಿತುಬಿಟ್ಟಿದ್ದಳು. ಏರುವುದಕ್ಕೆ ಹೆದರಬೇಕಿಲ್ಲ, ತೊಳೆದ ಮೇಲೆ ಇಳಿಯಿತೋ ಇಲ್ಲವೋ ನೋಡಬೇಕು.

ಎಲ್ಲವೂ ಇಳಿದವು. ಶುಭಾಂಗಿ ಕೊನೆಯ ಬಿಲ್ಲೆಯನ್ನು ತೆಗೆದಿಟ್ಟಳು.

"ಏನೂ ಸಿಗ್ಲಿಲ್ರೀ. ಮನ್ಯಾಗಿಂದು ಎಲ್ಲಾ ಸಾಫ್ ಅದ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಶಿವಗಂಗಾಬಾಯಿ ಹಿಗ್ಗುತ್ತಿದ್ದಳು. ಶೇವಂತಾಬಾಯಿಯಂತೂ ಹಿಗ್ಗಿ, "ಬಘಾ, ನಾ ಮೊದಲೇ ಹೇಳಿದ್ದೆ, ನಮ್ಮ ಗಂಗಾಬಾಯಿ ಕೈ ಅಂದ್ರ ಬೆಳ್ಳಿ," ಎಂದು ಮೊಸರು ತೆಗೆದುಕೊಂಡು ಹೋದಳು. ಆದರೆ ಅತ್ತೆ ಸೊಸೆ ಇಬ್ಬರೂ ನಗಲಿಲ್ಲ. ಏನೂ ಸಿಗದಿದ್ದರೆ ಸರಿಪಡಿಸಲೂ ಏನೂ ಇಲ್ಲ. ಸರಿಪಡಿಸಲು ಏನೂ ಇಲ್ಲದ ಮೇಲೆ ಕೂಸನ್ನು ಇಲ್ಲಿಂದ ಎಬ್ಬಿಸಿಕೊಂಡು ಹೋಗುವುದೊಂದೇ ಉಳಿಯಿತು.

ಸಂಜೆ ಶುಭಾಂಗಿ ಹಗ್ಗದ ಮೇಲಿನ ಕೂಸಿನ ಬಟ್ಟೆಗಳನ್ನು ತೆಗೆಯತೊಡಗಿದಳು. ಇನ್ನೂ ಒದ್ದೆಯಿದ್ದವನ್ನೂ ತೆಗೆದಳು. ಶೈಲೇಶ ಅಂಗಡಿಯಿಂದ ಬಂದವನು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ್ದು ಒಳಗೆ ದೀಪ ಹಚ್ಚುತ್ತಿದ್ದ ಶಿವಗಂಗಾಬಾಯಿಗೆ ಕೇಳಿಸಿತು.

"ಅವ್ವಗ ಹೇಳ್ದಿ?"

"ನಾಳಿ ಹೇಳ್ತೀನಿ."

"ಆಕಿ ಊಟಾ ಬಿಡ್ತಾಳ ನೋಡು."

"ಗೊತ್ತದರೀ. ನಾ ಏನ ಮಾಡ್ಲಿ? ನೀವೇ ಹೇಳ್ರಿ."

ಶಿವಗಂಗಾಬಾಯಿ ಕೇಳಿಸಿಕೊಂಡಿಲ್ಲ ಎನ್ನುವಂತೆ ಗೋಡೆಯ ಗೂಡಿನಿಂದ ಸಾಣೆಕಲ್ಲು ತೆಗೆದು, ಪ್ರತಿ ಸಂಜೆಯ ಹಾಗೆ ಗುಟ್ಟಿ ತೇಯಲು ಕೂತಳು. ಬಜೆಯ ಬೇರು, ಅಳಲೆಕಾಯಿ, ಜಾಜಿಕಾಯಿ, ಅರಿಶಿನದ ಕೊಂಬು. ಒಂದೊಂದನ್ನೂ ಹನಿ ನೀರಲ್ಲಿ ಕಲ್ಲಿಗೆ ತೇದು, ಆ ಗಂಧವನ್ನು ಬೆರಳಿನಿಂದ ಕೂಸಿನ ನಾಲಿಗೆಗೆ ಸವರುವುದು. ಹೊರಗಿನಿಂದ ಶುಭಾಂಗಿ ಕೂಗಿ ಕೇಳಿದಳು:

"ಅತ್ತಿ, ಗುಟ್ಟಿ ಕೊಟ್ರಿ?"

"ಕೊಡ್ಲತ್ತೀನವ್ವ."

ಭಾನುವಾರ ಬೆಳಿಗ್ಗೆ ಕೂಸಿಗೆ ಮತ್ತೆ ಭೇದಿಯಾಯಿತು. ಎರಡು ಲಂಗೋಟಿ ಬದಲಿಸಿ, ಸಕ್ಕರೆ ಉಪ್ಪಿನ ನೀರು ಕುಡಿಸಿ, ಅದನ್ನು ಹೊರಸಿನ ಮೇಲೆ ಮಲಗಿಸಿ ಶುಭಾಂಗಿ ಸ್ನಾನಕ್ಕೆ ಹೋದಳು. ಗಂಡಸರು ಅಂಗಡಿಗೆ ಹೋಗಿದ್ದರು. ಶಿವಗಂಗಾಬಾಯಿ, ಹೊಟ್ಟೆ ಕೆಟ್ಟಿದೆಯಲ್ಲ ಎಂದು, ಬೆಳಗಿನಲ್ಲೂ ಒಂದಿಷ್ಟು ಗುಟ್ಟಿ ಕೊಡೋಣವೆಂದು ಕಲ್ಲನ್ನು ಮುಂದಿಟ್ಟುಕೊಂಡಳು.

ಬಜೆಯ ಬೇರು ಕಲ್ಲಿನ ಮೇಲೆ ಜಾರಿತು. ಅವಳು ಬೇರನ್ನು ಬಿಟ್ಟು, ಕಲ್ಲಿನ ನಡುವಿನ ಕುಳಿಯ ಮೇಲೆ ಹೆಬ್ಬೆರಳು ಆಡಿಸಿದಳು. ಲೋಳೆ. ನೀರಿನ ತೊಟ್ಟಿಯ ಒಳಗೋಡೆ ಮುಟ್ಟಿದರೆ ಸಿಗುತ್ತದಲ್ಲ, ಹಾಗೆ. ಮೂಗಿನ ಹತ್ತಿರ ತಂದಳು. ಜಾಜಿಕಾಯಿಯ ಘಮದ ಕೆಳಗೆ ಇನ್ನೊಂದು ವಾಸನೆಯಿತ್ತು, ಹಳೆಯ ಹಾಲು ಹುಳಿತಂಥದು.

ಅವಳು ಕಲ್ಲನ್ನು ಎಂದೂ ತೊಳೆದವಳಲ್ಲ. ತೊಳೆಯುವ ಪದ್ಧತಿಯೇ ಇರಲಿಲ್ಲ. ತೇಯ್ದಾದ ಮೇಲೆ ಒಂದು ಅರಿವೆಯಿಂದ ಒರೆಸಿ, ಬೇರುಗಳನ್ನು ಅದೇ ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಡುವುದು. ತೊಳೆದರೆ ಕಲ್ಲಿನಲ್ಲಿ ಕೂಡಿದ ಗುಣ ಹೋಗುತ್ತದೆಂದು ಅವಳ ಅತ್ತೆ ಹೇಳಿದ್ದಳು. ಬೇಸಿಗೆಯಲ್ಲಿ ಶುಭಾಂಗಿ ಮನೆಯಲ್ಲಿದ್ದಾಗ ತಾಯಿಯ ಹಾಲಿನಲ್ಲೇ ಗುಟ್ಟಿ ತೇಯುತ್ತಿದ್ದರು, ಕಲ್ಲು ಅಂಗಳದ ಬಿಸಿಲಿನಲ್ಲಿ ಕಾದು ಒಣಗುತ್ತಿತ್ತು. ಮಳೆ ಬಂದ ಮೇಲೆ ಅದು ಗೂಡು ಬಿಟ್ಟು ಹೊರಗೆ ಬಂದಿರಲಿಲ್ಲ.

ನಿನ್ನೆ ಸೊಸೆ ಏನೇನಿದೆ ಎಲ್ಲ ಹೇಳಿ ಎಂದಾಗ ತಾನು ಗುಟ್ಟಿ ಹೇಳಿರಲಿಲ್ಲ. ಮುಚ್ಚಿಡಬೇಕೆಂದು ಬಿಟ್ಟದ್ದಲ್ಲ. ಡಾಕ್ಟರಿಗೂ ಹೇಳಿರಲಿಲ್ಲ. ಗುಟ್ಟಿ ಉಣಿಸುವುದಲ್ಲ, ಕುಡಿಸುವುದೂ ಅಲ್ಲ. ನೆತ್ತಿಗೆ ಎಣ್ಣೆ ಇಟ್ಟಂತೆ, ದೃಷ್ಟಿ ತೆಗೆದಂತೆ, ಅದು ಕೂಸಿಗೆ ಮಾಡುವ ಒಂದು ಆರೈಕೆ. ಯಾರಾದರೂ ಕೂಸಿಗೆ ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಗುಟ್ಟಿಯ ಹೆಸರು ಬಾಯಿಗೆ ಬರುವುದೇ ಇಲ್ಲ. ಅಷ್ಟು ಓದಿದ ಶುಭಾಂಗಿಗೂ ಬಂದಿರಲಿಲ್ಲ. ಅವಳೂ ಗುಟ್ಟಿ ನೆಕ್ಕಿಯೇ ಬೆಳೆದವಳು.

ಶಿವಗಂಗಾಬಾಯಿ ಕಲ್ಲನ್ನು ನೋಡುತ್ತ ಕೂತಳು. ವರ್ಷಗಳ ಹಿಂದೆ ಭೂಕಂಪದಲ್ಲಿ ಅವರ ಹಳ್ಳಿಯ ಮನೆ ಬಿದ್ದಾಗ ಶೈಲೇಶ ಆರು ತಿಂಗಳ ಕೂಸು. ಮಣ್ಣು ಕಲ್ಲಿನ ಗೋಡೆಗಳು ನಿಂತಲ್ಲೇ ಕುಸಿದುಬಿಟ್ಟಿದ್ದವು. ಅವಳ ಅತ್ತೆ ಆ ರಾಶಿಯ ಕೆಳಗೇ ಹೋದಳು. ಮೂರನೆಯ ದಿನ ಗಂಡ ಬಸವಣ್ಣೆಪ್ಪ ಅಡುಗೆಮನೆಯಿದ್ದ ಜಾಗ ಅಗೆದಾಗ ಮೊದಲು ಸಿಕ್ಕಿದ್ದು ಈ ಸಾಣೆಕಲ್ಲು. ಒಂದು ಅಂಚೂ ಮುಕ್ಕಾಗಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಕಳೆದ ಆ ವರ್ಷ ಸುತ್ತಲಿನ ಎಷ್ಟೋ ಕೂಸುಗಳು ವಾಂತಿಭೇದಿಯಲ್ಲಿ ಸೊರಗಿದವು. ಅವಳು ಇದೇ ಕಲ್ಲಿನಲ್ಲಿ ಗುಟ್ಟಿ ತೇದು ಕೊಟ್ಟ ಶೈಲೇಶನಿಗೆ ಏನೂ ಆಗಲಿಲ್ಲ. ಹಾಗೆಂದೇ ಅವಳು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು. ಈಗ ಮೊದಲ ಸಲ ನೆನಪಾಯಿತು: ಆಗ ಗೋಡೆಯೂ ಇರಲಿಲ್ಲ, ಗೂಡೂ ಇರಲಿಲ್ಲ. ಕಲ್ಲು ದಿನವಿಡೀ ಕಾದ ತಗಡಿನ ಪಕ್ಕ ಬಿಸಿಲಲ್ಲೇ ಬಿದ್ದಿರುತ್ತಿತ್ತು.

ಬಚ್ಚಲಲ್ಲಿ ನೀರು ಸುರಿಯುವ ಸದ್ದು ಇನ್ನೂ ಕೇಳುತ್ತಿತ್ತು. ಅವಳು ಎದ್ದು ಒಲೆ ಹಚ್ಚಿ ಪಾತ್ರೆಯಲ್ಲಿ ನೀರಿಟ್ಟಳು.

ಕುದಿಯುವ ನೀರು ಸುರಿದು, ಸೀಗೆಪುಡಿ ಹಾಕಿ ತಿಕ್ಕಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಇನ್ನು ಮುಂದೆ ದಿನಾ ಹಾಗೇ ತೊಳೆದರಾಯಿತು. ಕೂಸು ತಾನಾಗಿ ಗುಣವಾಗುತ್ತದೆ, "ನೋಡವ್ವ, ನಿಂತೇ ಹೋಯ್ತು" ಎಂದು ಫೋನಿನಲ್ಲಿ ಹೇಳಿದರಾಯಿತು. ಹೇಳಿದರೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಇಷ್ಟು ದಿನ ಕೂಸಿನ ಬಾಯಿಗೆ ವಿಷ ಸವರಿದ ಕೈ ಯಾವುದೆಂದು ಗೊತ್ತಾದ ಮೇಲೆ ಯಾವ ತಾಯಿ ಅದೇ ಕೈಯಲ್ಲಿ ಕೂಸನ್ನು ಬಿಟ್ಟು ಹೋಗುತ್ತಾಳೆ?

ನೀರು ಕುದಿಯಿತು. ಇಕ್ಕಳದಿಂದ ಪಾತ್ರೆ ಇಳಿಸಿ, ಕಲ್ಲನ್ನು ಮೋರಿಯ ಬಳಿ ಇಟ್ಟು, ಪಾತ್ರೆಯನ್ನು ಬಗ್ಗಿಸಬೇಕು, ಅಷ್ಟರಲ್ಲಿ ಹೊರಸಿನ ಮೇಲೆ ಭುವಿ ನಿದ್ದೆಯಲ್ಲೇ ಹೊಟ್ಟೆ ಹಿಡಿದುಕೊಂಡಂತೆ ಕಾಲು ಮಡಚಿ ನರಳಿತು.

ಶಿವಗಂಗಾಬಾಯಿಯ ಕೈ ನಿಂತಿತು. ಕಲ್ಲಲ್ಲದಿದ್ದರೆ? ಇದು ಬರೀ ತನ್ನ ಅನುಮಾನವಾಗಿದ್ದು, ಪೀಡೆ ಬೇರೆ ಎಲ್ಲೋ ಇದ್ದರೆ? ಈಗ ಬಿಸಿನೀರು ಸುರಿದರೆ ಇದ್ದದ್ದೂ ಸತ್ತುಹೋಗುತ್ತದೆ. ಆಮೇಲೆ ಆ ಯಂತ್ರಕ್ಕೂ ಸಿಗುವುದಿಲ್ಲ. ಇತ್ತೋ ಇರಲಿಲ್ಲವೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರ ಯಂತ್ರ ಹೋಗುತ್ತದೆ. ಕೂಸು ಇಲ್ಲೇ ಉಳಿದು ನರಳುತ್ತಲೇ ಇದ್ದರೆ, ಉಳಿಸಿಕೊಂಡು ಏನು ಬಂತು?

ಅವಳು ಪಾತ್ರೆಯನ್ನು ಹಾಗೇ ಒಲೆಯ ಪಕ್ಕ ಇಟ್ಟಳು. ಶುಭಾಂಗಿ ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದಾಗ ಅತ್ತೆ ಪೆಟ್ಟಿಗೆಯ ಮುಂದೆ ಕೂತಿದ್ದಳು. ಮಡಿಲಲ್ಲಿ ಕಲ್ಲಿತ್ತು.

"ಶುಭಾ, ಇದೊಂದ ನೋಡವ್ವ."

"ಇದು ಗುಟ್ಟಿ ಕಲ್ಲಲ್ರೀ," ಎಂದಳು ಶುಭಾಂಗಿ. ಎಂದವಳು ಅಲ್ಲೇ ನಿಂತಳು. ಟವೆಲಿನ ಒಂದು ತುದಿ ಬಿಚ್ಚಿ ಹೆಗಲ ಮೇಲೆ ಬಿದ್ದದ್ದನ್ನು ಅವಳು ಸರಿಮಾಡಿಕೊಳ್ಳಲಿಲ್ಲ.

"ದಿನಾ ಸಂಜಿಗಿ ಆಕಿ ಬಾಯಾಗ ಹೋಗೋದು ಇದೂ ಅದ. ನಿನ್ನಿ ನಾ ಹೇಳ್ಲಿಲ್ಲ."

ಶುಭಾಂಗಿ ಕೂತು ಹೊಸ ಬಿಲ್ಲೆ ತೆಗೆದಳು. ಕುಳಿಗೆ ಎರಡು ಹನಿ ಶುದ್ಧ ನೀರು ಬಿಟ್ಟು, ಕಡ್ಡಿಯಿಂದ ಮೆಲ್ಲಗೆ ಕೆದಕಿ, ಆ ಹಳದಿ ನೀರನ್ನು ಬಿಲ್ಲೆಯ ಮೇಲೆ ಇಳಿಸಿದಳು.

"ಅರಿಷಿಣದ ಬಣ್ಣ ಅದಕ್ಕ ಅಡ್ಡ ಬರ್ತದೇನವ್ವ?"

"ಇಲ್ರೀ. ಇದು ಗಾಜಿನ ಕೆಳಗಿಂದ ನೋಡ್ತದ."

ಗೆರೆ ಎದ್ದಿತು. ಏರುವುದಕ್ಕೆ ಹೆದರಬೇಕಿಲ್ಲ ಎಂದು ಶಿವಗಂಗಾಬಾಯಿ ತನಗೇ ಹೇಳಿಕೊಂಡಳು. ಹಾಲೂ ಏರಿತ್ತು, ಗಂಜಿಯೂ ಏರಿತ್ತು. ಶುಭಾಂಗಿ ಉಪ್ಪುನೀರು ಬಿಟ್ಟಳು. ಗೆರೆ ಕೊಂಚ ಇಳಿಯಿತು, ಆಮೇಲೆ ಅಲ್ಲೇ ನಿಂತಿತು. ಮತ್ತೆ ಬಿಟ್ಟಳು. ಗೆರೆ ಕದಲಲಿಲ್ಲ. ಶುಭಾಂಗಿ ಇನ್ನೊಂದು ಬಿಲ್ಲೆ ಹಾಕಿದಳು. ಅದು ಕೊಂಡಿ ಹಚ್ಚದ ಬರಿಯ ಬಂಗಾರದ ಬಿಲ್ಲೆ, ತಾಳೆ ನೋಡಲು ಇಟ್ಟದ್ದು. ಅದೇ ಹಳದಿ ನೀರು ಅದರಲ್ಲಿ ಏರಿ, ತೊಳೆದೊಡನೆ ಪೂರ್ತಿ ಇಳಿದುಹೋಯಿತು. ಕೊಂಡಿಯಿದ್ದ ಬಿಲ್ಲೆಯ ಗೆರೆ ಮಾತ್ರ ಮೇಲೇ ಇತ್ತು.

ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಶಿವಗಂಗಾಬಾಯಿ ನೋಡಲು ಕಲಿತಿದ್ದಳು.

"ಇದೇ ಅದ," ಎಂದಳು ಶುಭಾಂಗಿ ಕೊನೆಗೆ. "ಇ. ಕೋಲೈ ಅಂತಾರ, ಅದರಾಗ ಹೊಟ್ಟಿ ಕೆಡಸೋ ಜಾತಿ. ಮಿಶನ್ ಇನ್ನೂ ಹೊಸಾದು, ಉದಗೀರದಾಗ ತಾಟಿನ ಮ್ಯಾಲ ಬೆಳಸಿ ಖಾತ್ರಿ ಮಾಡಬೇಕು. ಆದ್ರ ಇದೇ ಅದ." ಅವಳ ದನಿ ಬಿರುಸಾಯಿತು. "ಅಷ್ಟ ಸಾಮಾನು ಕೇಳಿ ಇಟ್ಕೊಂಡ್ನಲ್ರೀ ಅತ್ತಿ. ರಬ್ಬರಿನ ಆನಿ ಹೇಳಿದ್ರಿ. ಇದ್ಯಾಕ ಹೇಳ್ಲಿಲ್ಲ?"

"ನೆಪ್ಪೇ ಆಗ್ಲಿಲ್ಲವ್ವ. ಗುಟ್ಟಿ ಅಂದ್ರ ಉಣಸೋದಲ್ಲ ನೋಡು."

ಶುಭಾಂಗಿ ಎದ್ದು ಹೋಗಿ ಮಲಗಿದ್ದ ಕೂಸನ್ನು ಎತ್ತಿಕೊಂಡು ಒಳಕೋಣೆಯ ಬಾಗಿಲು ಎಳೆದುಕೊಂಡಳು. ಆ ದಿನವೆಲ್ಲ ಮನೆಯಲ್ಲಿ ಬ್ಯಾಳಿ ಹಾಕಲೇ, ಪಲ್ಯಾ ಮಾಡಲೇ ಎನ್ನುವಷ್ಟೇ ಮಾತು ನಡೆಯಿತು. ಸಂಜೆ ಕೂಸಿನ ಬಟ್ಟೆಗಳೆಲ್ಲ ಚೀಲಕ್ಕೆ ಹೋದವು. ಶಿವಗಂಗಾಬಾಯಿ ತಾನೇ ದುಪಟಿಯನ್ನೂ ಮಡಚಿ ಅದರ ಮೇಲಿಟ್ಟಳು.

ಸೋಮವಾರ ಅತ್ತೆ ಸೊಸೆ ಇಬ್ಬರೂ ಕೂಸನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ನಿಲಂಗಾಕ್ಕೆ ಹೋದರು. ಉದಗೀರಕ್ಕೆ ಹೋಗುವ ದಾರಿಯಲ್ಲೇ ಡಾಕ್ಟರಿಗೆ ತೋರಿಸುವುದೆಂದಾಗಿತ್ತು. ಡಾಕ್ಟರು ಶುಭಾಂಗಿ ಹೇಳಿದ್ದನ್ನೆಲ್ಲ ಕೇಳಿ, "ಗುಟೀ? ಅರೇ, ಹೇ ಮೀ ವಿಚಾರಲಂಚ ನಾಹೀ," ಎಂದು ತಮ್ಮ ಹಣೆ ತಾವೇ ತಟ್ಟಿಕೊಂಡರು. ಗುಟ್ಟಿಯ ಬಗ್ಗೆ ತಾವೂ ಕೇಳಿರಲಿಲ್ಲವಲ್ಲ ಎಂದು ಅವರ ಪೇಚು. ಔಷಧಿ ಬದಲಿಸಿ ಬರೆದುಕೊಟ್ಟರು. ಇನ್ನು ಬೇಗ ಗುಣವಾಗುತ್ತದೆ ಎಂದರು.

ನಿಲಂಗಾದ ಬಸ್ ನಿಲ್ದಾಣದಲ್ಲಿ ಉದಗೀರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲಿನ ಬೆಂಚಿನ ಮೇಲೆ ಇಬ್ಬರ ನಡುವೆ ಕರಿಯ ಪೆಟ್ಟಿಗೆ, ಕೂಸಿನ ಚೀಲ. ಭುವಿ ಅಜ್ಜಿಯ ತೊಡೆಯ ಮೇಲೆ ಕೂತು, ಎದುರಿನ ಬಾಳೆಹಣ್ಣಿನ ಗಾಡಿಯನ್ನು ನೋಡುತ್ತಿತ್ತು.

"ಆಕಿಗಿ ಅಂಗಾತ ಮಲಗಿಸಿದ್ರ ನಿದ್ದಿ ಹತ್ತಂಗಿಲ್ಲ," ಎಂದಳು ಶಿವಗಂಗಾಬಾಯಿ. "ಬೋರಲ ಹಾಕ್ಕೊಂಡು ಬೆನ್ನ ತಟ್ಟಬೇಕು. ಕೂಸು ನೋಡ್ಕೊಳ್ಳೋ ಆ ಮನಿಯವ್ರಿಗಿ ಹೇಳು. ಗಂಜಿ ಕುಡಿಯೂ ಮುಂದ ಚಮಚಾ ಕಚ್ಚಿ ಹಿಡೀತಾಳ, ಎಳೀಬ್ಯಾಡ ಅಂತ ಹೇಳು, ತಾನೇ ಬಿಡ್ತಾಳ. ಮಿಕ್ಸರ್ ಸಪ್ಪಳಕ್ಕ ಅಂಜ್ತಾಳ." ಮತ್ತೇನಾದರೂ ಉಳಿಯಿತೇ ಎಂದು ಯೋಚಿಸಿದಳು. "ಕುಲಾಯಿ ಹಾಕಿದ್ರ ಕಿತ್ತು ಒಗೀತಾಳ. ಕಟ್ಟಿ ಹಾಕು."

ಶುಭಾಂಗಿ ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವಳು ಬೇರೆಯೇ ಮಾತು ತೆಗೆದಳು.

"ನಿನ್ನಿ ಮುಂಜಾನಿ ಒಲಿ ಬಾಜುಕ ಒಂದ ಪಾತ್ರಿ ಕುದ್ದ ನೀರ ಇತ್ತು. ಯಾತಕ್ಕ ಕಾಯ್ಸಿದ್ರಿ ಅತ್ತಿ?"

ಶಿವಗಂಗಾಬಾಯಿ ಮೊಮ್ಮಗಳ ಕುಲಾಯಿಯ ದಾರ ಬಿಗಿದಳು.

"ಕಲ್ಲಿನ ಮ್ಯಾಲ ಸುರುವಬೇಕಂತ. ಸುರುವಿದ್ರ ನಿನಗ ಗೊತ್ತೇ ಆಗ್ತಿದ್ದಿಲ್ಲ."

"ಮತ್ತ ಯಾಕ ಸುರುವ್ಲಿಲ್ಲ?"

"ಸುರುವಿದ್ರ ನನಗೂ ಗೊತ್ತಾಗ್ತಿದ್ದಿಲ್ಲಲ್ಲವ್ವ. ಆಕಿ ನರಳಲತ್ತಿದ್ಳು."

ಶುಭಾಂಗಿ ಮುಖ ತಿರುಗಿಸಿ ಬಸ್ಸುಗಳ ಕಡೆ ನೋಡಿದಳು. "ನಾನೂ ದಿನಾ ಸಂಜಿ ಫೋನ್ ಮಾಡಿ ಕೇಳ್ತಿದ್ದೆ, ಗುಟ್ಟಿ ಕೊಟ್ರಿ ಏನಂತ," ಎಂದಳು. ಬಸ್ಸಿಗೇ ಹೇಳಿದ ಹಾಗಿತ್ತು. "ಕೊಟ್ಟೆ ಅಂದ್ರ ನಂಗ ನಿದ್ದಿ ಬರ್ತಿತ್ತು."

ಉದಗೀರದ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುಗಿಬಿದ್ದರು. ಶುಭಾಂಗಿ ಕಿಟಕಿಯಿಂದ ಕರವಸ್ತ್ರ ಎಸೆದು ಜಾಗ ಹಿಡಿದು, ಪೆಟ್ಟಿಗೆಯನ್ನು ಒಳಗಿಟ್ಟು, ಮತ್ತೆ ಕೆಳಗಿಳಿದು ಬಂದಳು. ಶಿವಗಂಗಾಬಾಯಿ ಎದ್ದು ನಿಂತು ಕೂಸನ್ನು ಮುಂದೆ ಚಾಚಿದಳು.

ಶುಭಾಂಗಿ ಕೂಸನ್ನು ತೆಗೆದುಕೊಂಡಳು. ಎರಡೂ ಕೆನ್ನೆಗೆ, ಕತ್ತಿಗೆ, ಅಂಗಾಲಿಗೆ ಮುತ್ತು ಕೊಟ್ಟಳು. ಆಮೇಲೆ ಅದನ್ನು ಅತ್ತೆಯ ತೋಳಿಗೇ ತಿರುಗಿ ಇಟ್ಟು, ಚೀಲವನ್ನು ಅತ್ತೆಯ ಹೆಗಲಿಗೆ ಏರಿಸಿದಳು.

"ನಾ ಹೇಳೋತನಾ ಗುಟ್ಟಿ ಬ್ಯಾಡ್ರಿ. ತೊಳದು ಕೊಡ್ತೀನಿ ಅಂದ್ರೂ ಬ್ಯಾಡ."

"ಬ್ಯಾಡ ಅಂದ್ರ ಬ್ಯಾಡವ್ವ."

"ಔಷಧ ಊಟ ಆದಮ್ಯಾಲ. ಏನರ ಆದ್ರ ನನಗೇ ಮೊದಲ ಹೇಳ್ರಿ. ನಿಮ್ಮ ಮಗನಿಗಿ ಹೇಳಿ ಅವರ ಕಡಿಂದ ನನಗ ಹೇಳ್ಸಬ್ಯಾಡ್ರಿ."

"ಆ ಮನಿಯವ್ರು ದಾರಿ ನೋಡಲ್ಲೇನು, ಉದಗೀರದಾಗ?"

"ಅವರಿಗಿ ಬಾಳ ಕೂಸುಗಳು ಇರ್ತಾವ್ರೀ ಅತ್ತಿ," ಎಂದಳು ಶುಭಾಂಗಿ. "ಏನರ ಹೆಚ್ಚು ಕಡಿಮಿ ಆದ್ರ ಅವರು ನನಗ ಹೇಳ್ತಾರೋ ಇಲ್ಲೋ ಗೊತ್ತಿಲ್ಲ. ನೀವು ಹೇಳ್ತೀರಿ." ಕಂಡಕ್ಟರ್ ಗಂಟೆ ಬಾರಿಸಿದ. ಅವಳು ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು.

ಉಮರ್ಗಾದ ಬಸ್ಸಿನಲ್ಲಿ ಶಿವಗಂಗಾಬಾಯಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಭುವಿ ತಾಯಿ ಹೋದದ್ದಕ್ಕೆ ಕೊಂಚ ಅತ್ತು, ಬಸ್ಸು ಓಡತೊಡಗಿದ ಮೇಲೆ ಸುಮ್ಮನಾಯಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ, "ನಾತ್ ಕಾ? ಕಿತೀ ಗೋಡ್," ಎಂದು ಮೊಮ್ಮಗಳನ್ನು ಮರಾಠಿಯಲ್ಲಿ ಹೊಗಳಿ ನಗುತ್ತ, ಒಂದು ಪೇಢೆ ಮುರಿದು ಕೂಸಿನ ಬಾಯಿಗೆ ಹಿಡಿದಳು.

ಶಿವಗಂಗಾಬಾಯಿ ಆ ಕೈಯನ್ನು ತನ್ನ ಕೈಯಿಂದ ಮೆಲ್ಲಗೆ ತಡೆದಳು.

"ನಕೋ ಆಜೀ," ಎಂದಳು. "ಆಕಿ ಮನಿಗಿ ಹೋಗಿ ಗಂಜಿ ಕುಡೀತಾಳ."

ಮುದುಕಿಗೆ ಕನ್ನಡ ಅರ್ಥವಾಗಲಿಲ್ಲ, ಬೇಸರವಂತೂ ಆಯಿತು. ಪೇಢೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಆಚೆ ನೋಡಿದಳು. ಶಿವಗಂಗಾಬಾಯಿ ಮೊಮ್ಮಗಳನ್ನು ಬೋರಲಾಗಿ ತೊಡೆಯ ಮೇಲೆ ಹಾಕಿಕೊಂಡು, ಉಮರ್ಗಾ ಬರುವ ತನಕ ಬೆನ್ನು ತಟ್ಟುತ್ತ ಕೂತಳು.